ಒರೆಸದೆ ಬಂದ ಹೆಸರು

ರೂತ್ ಆಂಟಿಗೆ ನಾನು ಕೊಟ್ಟ ಬಟ್ಟೆ ಸುಳ್ಳು. ಅದರ ಮೇಲಿನ ಕಪ್ಪು ಅವರ ತಮ್ಮನ ಹೆಸರಿನದಲ್ಲ — ನಮ್ಮ ಮನೆಯ ದೀಪದ್ದು.

ಅಮೆರಿಕದ ಎಲಿಕಾಟ್ ಸಿಟಿಯಲ್ಲಿ ಅವರದು ನಮ್ಮ ಪಕ್ಕದ ಮನೆ, ಆಗ ವಯಸ್ಸು ತೊಂಬತ್ತು. ಯಹೂದಿ ಕುಟುಂಬ. ಚಿಕ್ಕವರಿದ್ದಾಗ ಅವರೊಬ್ಬರನ್ನೇ ಜರ್ಮನಿಯಿಂದ ಹಡಗು ಹತ್ತಿಸಿ ಕಳಿಸಿದ್ದರಂತೆ. ಹಿಂದೆ ಉಳಿದ ಆರು ವರ್ಷದ ತಮ್ಮನನ್ನು ನಾಜಿಗಳು ಕೊಂದರು. ಫ್ರಾಂಕ್‌ಫರ್ಟಿನಲ್ಲಿ ಅವನಿದ್ದ ಮನೆಯೆದುರು, ಫುಟ್‌ಪಾತಿನ ಕಲ್ಲುಗಳ ನಡುವೆ, ಅಂಗೈಯಗಲದ ಹಿತ್ತಾಳೆ ಫಲಕದಲ್ಲಿ ಅವನ ಹೆಸರಿದೆ. ಅಂಥ ಫಲಕಗಳನ್ನು ಯಾರಾದರೂ ಮಂಡಿಯೂರಿ ಉಜ್ಜಿ ಹೊಳೆಯಿಸುತ್ತಾರೆ. ಆಂಟಿಗೆ ಅಷ್ಟು ದೂರ ಹೋಗುವ ಶಕ್ತಿ ಇರಲಿಲ್ಲ. 2022ರಲ್ಲಿ ನಾನು ಊರಿಗೆ ಹೊರಟಾಗ, ಫ್ರಾಂಕ್‌ಫರ್ಟಿನಲ್ಲಿ ವಿಮಾನ ಬದಲಿಸಲು ಇಡೀ ಹಗಲು ಕಾಯುವುದಿತ್ತು. ಆಂಟಿ ಒಂದು ಬಿಳಿ ಬಟ್ಟೆ ಕೊಟ್ಟರು. ಒರೆಸಿ, ಅದನ್ನೇ ತಂದುಕೊಡು ಎಂದರು.

ಹೋದೆ. ಹೆಸರು ಸಿಕ್ಕಿತು. ಎದುರಿನ ಕಾಫಿ ಅಂಗಡಿಯಲ್ಲಿ ಜನ ಕೂತು ನೋಡುತ್ತಿದ್ದರು. ಚಿಕ್ಕಂದಿನಲ್ಲಿ — ಶಾಲೆಗೆ ಸೇರಿದ್ದೇ ಆಮೇಲೆ — ಅರಸೀಕೆರೆಯ ಕಲ್ಯಾಣ ಮಂಟಪದ ಹಿಂದೆ ಕೂತು ಹಿತ್ತಾಳೆ ಪಾತ್ರೆ ಬೆಳಗುತ್ತಿದ್ದೆ. ಉಂಡವರು ನನ್ನನ್ನು ದಾಟಿಕೊಂಡು ಕೈ ತೊಳೆಯಲು ಹೋಗುತ್ತಿದ್ದರು. ಮತ್ತೆ ಜನರ ಕಾಲ ಬಳಿ ಕೂರುವುದೆಂದರೆ... ಮೈಮೇಲೆ ಹೊಸ ಕೋಟು ಬೇರೆ. ಐದು ನಿಮಿಷದ ಕೆಲಸ. ಮಾಡಲಿಲ್ಲ.

ವಾಪಸ್ ಬಂದು ಆ ಬಟ್ಟೆಯಲ್ಲಿ ದೇವರ ಮುಂದಿನ ಹಿತ್ತಾಳೆ ದೀಪ ತಿಕ್ಕುತ್ತಿದ್ದೆ. ಹೆಂಡತಿ ಗಿರಿಜಾ ನೋಡಿದಳು.

"ಹಬ್ಬ ಬಂದ್ರೂ ದೀಪ ಮುಟ್ಟೋರಲ್ಲ, ಇವತ್ತೇನ್ರೀ ಇಷ್ಟೊಂದು ಭಕ್ತಿ?"

ನಾನೂ ನಕ್ಕುಬಿಟ್ಟೆ.

ಆಂಟಿ ಆ ಕಪ್ಪನ್ನು ಬೆರಳಿಂದ ಮೆಲ್ಲಗೆ ಸವರಿದರು. ಆಮೇಲೆ ನನ್ನ ಕೈಯನ್ನು ಕೆನ್ನೆಗೆ ಒತ್ತಿಕೊಂಡು ಇಂಗ್ಲಿಷಿನಲ್ಲಿ ಒಂದೇ ಮಾತು ಹೇಳಿದರು: "ಅವನನ್ನ ಮುಟ್ಟಿ ಬಂದಿದೀಯ."

ಹೂಂ ಎಂದೆ. ಅಷ್ಟು ಸುಲಭವಾಗಿ — ಹೂಂ.

ಹೋದ ವರ್ಷ ಆಂಟಿ ತೀರಿಕೊಂಡರು. ಅವರ ಮಗಳು ಹ್ಯಾನಾ ಆ ಬಟ್ಟೆಗೆ ಕಟ್ಟು ಹಾಕಿಸಿ, ಆ ಮಗುವಿನ ಒಂದೇ ಒಂದು ಫೋಟೋದ ಪಕ್ಕ ತೂಗುಹಾಕಿದ್ದಾರೆ. ನಿನ್ನೆ ಫೋನ್ ಮಾಡಿದ್ದರು. ಅಮ್ಮನ ವರ್ಷದ ನೆನಪಿಗೆ ಮನೆಮಂದಿಯೆಲ್ಲ ಸೇರುತ್ತಾರೆ, ನೀವು ಆ ದಿನದ ಬಗ್ಗೆ ನಾಲ್ಕು ಮಾತಾಡಬೇಕು ಎಂದರು.

ಜನ ಸೇರುವ ಮೊದಲೇ ಹ್ಯಾನಾಗೆ ಹೇಳಬೇಕು. ಅವರು ಅಳಬಹುದು, ಇನ್ನು ಹೊರಡಿ ಅನ್ನಬಹುದು. ಯಾಕೆ ಮಾಡಲಿಲ್ಲ ಎಂದು ಕೇಳಿದರೂ ಕಾರಣ ಹೇಳುವುದಿಲ್ಲ — ಹೇಳಿದರೆ ಒಳ್ಳೆಯ ಹೆಣ್ಣುಮಗಳು, ನನ್ನ ಮೇಲೆಯೇ ಮರುಕಪಟ್ಟುಬಿಡುತ್ತಾರೆ. ಅದು ನನಗೆ ಸಲ್ಲಬಾರದು.

ಇವತ್ತು ಸಂಜೆ ಬರ್ತೀನಿ, ಒಬ್ಬರೇ ಇರಿ ಎಂದು ಈಗಷ್ಟೇ ಮೆಸೇಜು ಕಳಿಸಿದೆ.