ನನ್ನ ಮೀಸೆ ತೆಗೆಸಿದ ಹುಡುಗಿ

ಅವಳು ಮಾತಾಡುವವರ ಕಣ್ಣು ನೋಡುತ್ತಿರಲಿಲ್ಲ, ಬಾಯಿ ನೋಡುತ್ತಿದ್ದಳು. ಹುಬ್ಬು ಗಂಟಿಕ್ಕಿ, ಕುತ್ತಿಗೆ ಕೊಂಚ ಮುಂದೆ ಚಾಚಿ, ಸೂಜಿಗೆ ದಾರ ಪೋಣಿಸುವವರ ಹಾಗೆ ನೋಡುತ್ತಿದ್ದಳು. ಮೊದಲ ಸಲ ಹಾಗೆ ನೋಡಿದಾಗ ನನ್ನ ಮೀಸೆಗೆ ಬೆಳಗಿನ ಉಪ್ಪಿಟ್ಟು ಅಂಟಿರಬೇಕೆಂದು ಒರೆಸಿಕೊಂಡೆ. ಅವಳು ಇನ್ನೂ ನೋಡುತ್ತಲೇ ಇದ್ದಳು. ಈಗಿನ ಹುಡುಗಿಯರಿಗೆ ದೊಡ್ಡವರ ಮುಂದೆ ಹೇಗಿರಬೇಕು ಅಂತ ಗೊತ್ತಿಲ್ಲ ಎಂದು ಒಳಗೆ ಬಂದು ಹೆಂಡತಿಯ ಹತ್ತಿರ ಗೊಣಗಿದೆ.

ಚೆನ್ನೈನ ವೆಸ್ಟ್ ಮಾಂಬಲಂನಲ್ಲಿ ನಾವಿರುವುದು ಒಂದು ಹಳೆಯ ಮನೆಯ ಕೆಳಭಾಗದಲ್ಲಿ. ಮಹಡಿಯ ಮೇಲೆ ಒಂದೇ ಕೋಣೆ, ಮೂಲೆಯಲ್ಲಿ ಅಡುಗೆಗೊಂದು ಕಟ್ಟೆ. ಅಲ್ಲಿಗೆ ಅವಳು ಬಾಡಿಗೆಗೆ ಬಂದಳು. ತುಮಕೂರಿನ ಕಡೆಯವಳು, ವಿಶ್ವವಿದ್ಯಾಲಯದಲ್ಲಿ ಕಡಲಪಾಚಿಯ ಮೇಲೆ ಪಿಎಚ್.ಡಿ. ಮಾಡುತ್ತಿದ್ದಳು. ನಾನು ವಿಮೆ ಕಚೇರಿಯಲ್ಲಿ ಆಯುಸ್ಸು ಸವೆಸಿ ನಿವೃತ್ತನಾದವನು. ನಲವತ್ತು ವರ್ಷದಿಂದ ಈ ಊರಿನಲ್ಲಿದ್ದು ಅರ್ಧ ತಮಿಳಿನವಳಾಗಿರುವ ನನ್ನ ಹೆಂಡತಿಗೆ ಮೇಲೆ ಕನ್ನಡದ ಹುಡುಗಿ ಬಂದದ್ದೇ ಹಬ್ಬ. "ಒಬ್ಬಳೇ ಇದಾಳೆ ರೀ, ಪಾವಂ. ನೀವು ಸುಮ್ಮನೆ ಸಿಡುಕಬೇಡಿ," ಎಂದಳು.

ಸಿಡುಕದೆ ಏನು ಮಾಡಲಿ? ಶುಕ್ರವಾರ ಬಂತೆಂದರೆ ಮೇಲಿನಿಂದ ಹಾಡು ಶುರು. ಆ ವಾರ ಬಂದ ಸಿನಿಮಾ ಹಾಡು, ಯಾರೋ ಹುಡುಗರು ಕೋಣೆಯಲ್ಲಿ ಕೂತು ಗಿಟಾರು ಹಿಡಿದು ಹಾಡಿದ್ದು, ಉತ್ತರ ಚೆನ್ನೈನ ಗಲ್ಲಿಗಳಲ್ಲಿ ಹಾಡುವ ಗಾನಾ ಪಾಟ್ಟು, ಹೀಗೆ ಹೊಸದಾಗಿದ್ದರೆ ಸಾಕು, ಅವಳಿಗೆ ಎಲ್ಲವೂ ಬೇಕು. ಒಂದೇ ಹಾಡು ಇಪ್ಪತ್ತು ಸಲ. ನಮ್ಮ ಕಪಾಟಿನ ಲೋಟಗಳು ಅದುರುವಷ್ಟು ಸದ್ದು. ನಾನು ಜೇಡರ ಬಲೆ ತೆಗೆಯುವ ಉದ್ದನೆಯ ಕೋಲು ಹಿಡಿದು ತಾರಸಿಗೆ ಧಡಧಡ ಬಡಿಯುತ್ತಿದ್ದೆ. ಬಡಿದ ಕೂಡಲೇ ಹಾಡು ನಿಲ್ಲುತ್ತಿತ್ತು. ಅದೊಂದು ಮರ್ಯಾದೆ ಉಳಿಸಿಕೊಂಡಿದ್ದಾಳೆ ಎಂದು ನಾನು ಬೀಗುತ್ತಿದ್ದೆ.

ಒಂದು ಭಾನುವಾರ ಮಧ್ಯಾಹ್ನ ಮೇಲೆ ಕುಕ್ಕರ್ ಕೂಗತೊಡಗಿತು. ಮೂರು, ಆರು, ಒಂಬತ್ತು ಕೂಗಾಯಿತು. ಬೇಳೆ ಸೀದ ವಾಸನೆ ಕೆಳಗಿಳಿದು ಬಂತು. ಇವತ್ತು ಇವಳಿಗೆ ಗ್ರಹಚಾರ ಬಿಡಿಸಿಯೇ ಬಿಡುತ್ತೇನೆಂದು ಮೆಟ್ಟಿಲು ಹತ್ತಿದೆ. ಬಾಗಿಲು ತೆರೆದೇ ಇತ್ತು. ಅವಳು ಬೆನ್ನು ಹಾಕಿ ನೆಲದ ಮೇಲೆ ಕೂತು, ಇಟ್ಟಿಗೆಯಷ್ಟು ದಪ್ಪದ ಕಾದಂಬರಿ ಓದುತ್ತಿದ್ದಳು. ಕೈಯಲ್ಲಿ ಪೆನ್ಸಿಲು. ಎರಡೇ ಅಡಿ ದೂರದಲ್ಲಿ ಕುಕ್ಕರ್ ಬಾಯಿ ಬಡಿದುಕೊಳ್ಳುತ್ತಿತ್ತು. "ಏನಮ್ಮಾ!" ಎಂದು ಕೂಗಿದೆ. ತಿರುಗಲಿಲ್ಲ. ಇನ್ನೊಮ್ಮೆ ಗಂಟಲು ಹರಿಯುವ ಹಾಗೆ ಕೂಗಿದೆ. ಪುಟ ತಿರುಗಿಸಿದಳು, ಪೆನ್ಸಿಲಿನಿಂದ ಒಂದು ಸಾಲಿನ ಅಡಿಗೆ ಗೆರೆ ಎಳೆದಳು.

ನಾನು ಹೋಗಿ ಒಲೆ ಆರಿಸಿದೆ. ಆಗ ನನ್ನ ನೆರಳು ಕಂಡು ಬೆಚ್ಚಿಬಿದ್ದಳು. ಸೀದ ಕುಕ್ಕರ್ ನೋಡಿದಳು, ನನ್ನ ಮುಖ ನೋಡಿದಳು, ಅಲ್ಲೇ ಕುಸಿದು ಅಳತೊಡಗಿದಳು.

"ಯಾರಿಗೂ ಹೇಳ್ಬೇಡಿ ಅಂಕಲ್. ಕಾಲಿಗೆ ಬೀಳ್ತೀನಿ," ಎಂದಳು.

ಕಿವಿಯ ನರದ ಕಾಯಿಲೆ. ಎರಡು ವರ್ಷದಿಂದ ಒಂದೊಂದೇ ಸದ್ದು ಆರುತ್ತ ಬಂದಿತ್ತು. ಮೊದಲು ಹೋದದ್ದು ಕೀರಲು ದನಿಗಳು: ಹಕ್ಕಿ, ಕಾಲ್ಬೆಲ್ಲು, ಕುಕ್ಕರಿನ ಕೂಗು. ಯಂತ್ರ ಹಾಕಿಸಿ ನೋಡಿದ್ದಳು, ಸದ್ದು ದೊಡ್ಡದಾಯಿತೇ ಹೊರತು ಮಾತು ತಿಳಿಯಾಗಲಿಲ್ಲ. ಇವಳ ಕಿವಿಗೆ ಶಸ್ತ್ರಚಿಕಿತ್ಸೆಯೂ ಒಗ್ಗುವುದಿಲ್ಲ ಎಂದಿದ್ದರು ಡಾಕ್ಟರು. ಪೂರ್ತಿ ಹೋಗಲು ಒಂದು ವರ್ಷವೋ ಆರು ತಿಂಗಳೋ, ಅಷ್ಟೇ. ಇದು ತಾಯಿಗೆ ಗೊತ್ತಿರಲಿಲ್ಲ, ಅವಳ ಗೈಡಿಗೂ ಗೊತ್ತಿರಲಿಲ್ಲ.

"ಹೇಳಿದ್ರೆ ಏನಾಗುತ್ತೆ?" ಎಂದೆ, ಈಗ ಬಾಯಿ ಅಗಲಿಸಿ, ನಿಧಾನವಾಗಿ.

"ನನ್ನ ಸೋದರತ್ತೆಗೆ ಹೀಗೇ ಆಗಿತ್ತು ಅಂಕಲ್. ಅವರ ಎದುರಿಗೇ ಅವರ ವಿಷಯ ಮಾತಾಡ್ತಿದ್ವಿ. ನಾನೂ ಮಾತಾಡಿದೀನಿ. ಮನೇಲಿ ಮೂಲೆಗಿಟ್ಟ ಒರಳುಕಲ್ಲಿನ ಥರ ಇದ್ರು. ನಂಗೆ ಪಾಪ ಅಂತ ಕೊಡೋ ಡಿಗ್ರಿ ಬೇಡ. ವೈವಾ ಮುಗಿಯೋವರೆಗೆ ಈ ಕಿವಿ ಇದ್ರೆ ಸಾಕು."

ವೈವಾ ಎಂದರೆ ಪ್ರಬಂಧ ಬರೆದವರನ್ನು ನಿಲ್ಲಿಸಿ ಎಲ್ಲರೆದುರು ಪ್ರಶ್ನೆ ಹಾಕುವ ಕೊನೆಯ ಪರೀಕ್ಷೆ. ಅದಕ್ಕೆ ಇನ್ನೂ ಐದಾರು ತಿಂಗಳಿತ್ತು.

ನನ್ನ ಹೆಂಡತಿಗೊಬ್ಬಳಿಗೆ ಹೇಳಲು ಹುಡುಗಿ ಒಪ್ಪಿದಳು. ಅವತ್ತಿನಿಂದ ಅವಳು ನಮ್ಮ ಮನೆಯಲ್ಲೇ ಉಂಡಳು. ಅವಳ ಎರಡು ಹುಚ್ಚುಗಳ ಗುಟ್ಟು ಆಮೇಲೆ ತಿಳಿಯಿತು. "ಅದ್ಯಾಕೆ ಹೊಸ ಹಾಡಿಗೆ ಅಷ್ಟು ಸಾಯ್ತೀಯ? ಹಳೇದ್ರಲ್ಲಿ ಇಲ್ಲದ್ದು ಇದ್ರಲ್ಲಿ ಏನಿದೆ?" ಎಂದು ನಾನು ಕೇಳಿದ್ದೆ.

"ಹಳೇದೆಲ್ಲ ತಲೇಲಿದೆ ಅಂಕಲ್. ಕಿವಿ ಹೋದ್ರೂ ಅಲ್ಲಿ ಓಡ್ತಿರುತ್ತೆ. ಹೊಸದನ್ನ ಈಗ ತುಂಬ್ಕೊಳ್ಳದೆ ಇದ್ರೆ ಆಮೇಲೆ ಎಲ್ಲಿಂದ ತರ್ಲಿ?" ಮಳೆಗಾಲಕ್ಕೆ ಮುಂಚೆ ಸೌದೆ ಒಟ್ಟುವವಳ ಹಾಗೆ ಹೇಳಿದಳು. ಮತ್ತೆ ನಾನು ತಾರಸಿ ಬಡಿಯಲಿಲ್ಲ.

ಕಾದಂಬರಿಗಳೂ ಅಷ್ಟೇ. ರಾಜರ ಕಾಲದ ಪ್ರೇಮದ ಕತೆಗಳು, ಕನ್ನಡದವು, ಇಂಗ್ಲಿಷಿನವು. ಹಳೇ ಪುಸ್ತಕದಂಗಡಿಗಳಿಂದ ಚೀಲಗಟ್ಟಲೆ ತರುತ್ತಿದ್ದಳು. ವಿಜ್ಞಾನ ಓದಿದವಳು ಇಂಥ ಕಾಗಕ್ಕ ಗುಬ್ಬಕ್ಕನ ಕತೆ ಓದುವುದೇ ಎಂದು ಹಂಗಿಸುತ್ತ ಒಂದನ್ನು ಬಿಡಿಸಿ ನೋಡಿದೆ. ಅವಳು ಗೆರೆ ಎಳೆದಿದ್ದದ್ದು ಪ್ರೇಮದ ಮಾತಿಗಲ್ಲ. ಗೆಜ್ಜೆ ಘಲ್ಲೆಂದದ್ದು, ಕಲ್ಲುಹಾಸಿನ ಮೇಲೆ ಕುದುರೆಯ ಗೊರಸು, ಕೋಟೆ ಬಾಗಿಲು ಕಿರುಗುಟ್ಟಿದ್ದು, ಹಜಾರದ ಕತ್ತಲಲ್ಲಿ ಪಿಸುಮಾತು. ಪುಟಪುಟದಲ್ಲೂ ಸದ್ದುಗಳಿಗೆ ಮಾತ್ರ ಗೆರೆ. "ಈಗಿನ ಕಾದಂಬರೀಲಿ ಬರೀ ಯೋಚನೆ ಅಂಕಲ್. ಇದ್ರಲ್ಲಿ ಬಳೆ ಸದ್ದೂ ಬಿಡದೆ ಬರೀತಾರೆ," ಎಂದಳು. ಪುಸ್ತಕ ಮುಚ್ಚಿ ಕೊಟ್ಟೆ. ಹಂಗಿಸಿದ್ದಕ್ಕೆ ನಾಚಿಕೆಯಾಯಿತು.

ಕಿವಿ ನಮ್ಮ ಲೆಕ್ಕಕ್ಕಿಂತ ಬೇಗ ಓಡಿತು. ವೈವಾಗೆ ಒಂದು ತಿಂಗಳಿರುವಾಗ ಅವಳು ಪೂರ್ತಿ ತುಟಿಯನ್ನೇ ನಂಬಿದ್ದಳು. ಒಂದು ಸಂಜೆ ಮೊಬೈಲು ಹಿಡಿದು ಬಂದಳು, ಮುಖ ಸುಣ್ಣದ ಹಾಗೆ ಬಿಳಿಚಿತ್ತು. ಹೊರ ರಾಜ್ಯದಿಂದ ಬರಲಿರುವ ಪರೀಕ್ಷಕರ ಚಿತ್ರ ತೋರಿಸಿದಳು. ಪೊದೆಯಂಥ ಗಡ್ಡ, ಮೇಲ್ದುಟಿ ನುಂಗಿದ ಮೀಸೆ.

"ಇವರಿಗೆ ಬಾಯೇ ಇಲ್ಲ ಅಂಕಲ್," ಎಂದಳು.

ಮೂವರೂ ಕೂತು ಯೋಚಿಸಿದೆವು. ಕೊನೆಗೆ ಅವಳೇ ದಾರಿ ಹುಡುಕಿದಳು. ವೈವಾ ಬಹಿರಂಗ ಸಭೆ, ಯಾರು ಬೇಕಾದರೂ ಬಂದು ಕೂರಬಹುದು. ನಾನು ಪರೀಕ್ಷಕರ ಹಿಂದಿನ ಸಾಲಿನಲ್ಲಿ ಕೂತು, ಅವರು ಕೇಳಿದ ಪ್ರಶ್ನೆಯನ್ನೇ ಸದ್ದಿಲ್ಲದೆ ಕನ್ನಡದಲ್ಲಿ ಬಾಯಾಡಿಸಬೇಕು. ಅವಳ ಕಣ್ಣಿಗೆ ಕನ್ನಡದ ತುಟಿಯೇ ಚೆನ್ನಾಗಿ ಪಳಗಿತ್ತು. "ಆದ್ರೆ..." ಎಂದು ನನ್ನ ಮೀಸೆ ನೋಡಿದಳು.

ಹತ್ತೊಂಬತ್ತನೇ ವಯಸ್ಸಿನಿಂದ ಬಿಟ್ಟ ಮೀಸೆ ಅದು. ಆಫೀಸಿನಲ್ಲಿ ಎಷ್ಟೋ ಪಂಥಕ್ಕೆ 'ಸೋತರೆ ಮೀಸೆ ಬೋಳಿಸ್ತೀನಿ' ಎಂದು ಒತ್ತೆ ಇಟ್ಟು ಉಳಿಸಿಕೊಂಡು ಬಂದದ್ದು. ಮಾರನೆಯ ಬೆಳಿಗ್ಗೆ ಕ್ಷೌರದಂಗಡಿಗೆ ಹೋಗಿ ಕಣ್ಣು ಮುಚ್ಚಿ ಕೂತೆ. ಮನೆಗೆ ಬಂದರೆ ಹೆಂಡತಿ ಬಾಗಿಲಲ್ಲೇ ನಿಂತು ಎರಡು ನಿಮಿಷ ನೋಡಿದಳು. "ಅಯ್ಯೋ, ನಿಮ್ಮ ಮೇಲ್ದುಟಿ ಇಷ್ಟು ಸಣ್ಣದಾ?" ಎಂದು ಸೆರಗು ಬಾಯಿಗೊತ್ತಿಕೊಂಡು ನಕ್ಕಳು. ಆ ಹುಡುಗಿ ಮಾತ್ರ ನಗಲಿಲ್ಲ. ನನ್ನ ಬಾಯಿ ನೋಡಿ ಕೈ ಮುಗಿದಳು.

ತಿಂಗಳಿಡೀ ಅಭ್ಯಾಸ ಮಾಡಿದೆವು. ನಾನು ಬಾಯಾಡಿಸುವುದು, ಅವಳು ಹೇಳುವುದು. ತಪ್ಪಿದರೆ ಇಬ್ಬರಿಗೂ ಕೋಪ ಬರುತ್ತಿತ್ತು. ವೈವಾ ದಿನ ನನ್ನ ಹೆಂಡತಿ ಸಭೆಗೆ ಬಂದವರಿಗೆಲ್ಲ ಆಗುವಷ್ಟು ಮದ್ದೂರು ವಡೆ ಮಾಡಿ ಡಬ್ಬಿ ತುಂಬಿದಳು. ಬಂದವರಿಗೆ ತಿಂಡಿ ಒದಗಿಸುವುದು ಪಾಸಾಗುವವರದೇ ಜವಾಬ್ದಾರಿ ಅಂತೆ.

ಮೊದಲ ನಾಲ್ಕು ಪ್ರಶ್ನೆ ದೇವರು ನಡೆಸಿಕೊಟ್ಟ. ಗಡ್ಡದ ಪರೀಕ್ಷಕರು ಇಂಗ್ಲಿಷಿನಲ್ಲಿ ಕೇಳುತ್ತಿದ್ದರು, ನಾನು ಅವರ ಬೆನ್ನ ಹಿಂದೆ ಕನ್ನಡದಲ್ಲಿ ಬಾಯಾಡಿಸುತ್ತಿದ್ದೆ, ಅವಳು ಅರಳು ಹುರಿದ ಹಾಗೆ ಉತ್ತರ ಹೇಳುತ್ತಿದ್ದಳು. ಐದನೆಯ ಪ್ರಶ್ನೆಯಲ್ಲಿ ಮೂರು ಗೇಣುದ್ದದ ಪದವೊಂದು ಬಂತು. ನಾನು ಹುಟ್ಟಿದಾರಭ್ಯ ಕೇಳದ ಪದ. ನನ್ನ ತುಟಿ ಹಾಗೇ ನಿಂತಿತು. ಅವಳು ನನ್ನನ್ನೇ ನೋಡುತ್ತಿದ್ದಳು. ಪರೀಕ್ಷಕರು ಇನ್ನೊಮ್ಮೆ ಕೇಳಿದರು. ಅರ್ಧ ಪದವೂ ನನಗೆ ಹಿಡಿಯಲಿಲ್ಲ. ಮುಳುಗುವವಳು ಕೈ ಚಾಚಿದ್ದಾಳೆ, ದಡದಲ್ಲಿ ನಿಂತ ನನ್ನ ಕೈಯಲ್ಲಿ ಹಗ್ಗವಿಲ್ಲ.

ಅವಳು ಯಾರನ್ನು ನೋಡುತ್ತಿದ್ದಾಳೆಂದು ಪರೀಕ್ಷಕರು ಹಿಂದೆ ತಿರುಗಿದರು. ನಾನು ಬಾಯಿ ತೆರೆದುಕೊಂಡೇ ಸಿಕ್ಕಿಬಿದ್ದೆ.

"ಯಾರು ಈ ಮನುಷ್ಯ? ಉತ್ತರ ಹೇಳಿಕೊಡುತ್ತಿದ್ದಾನೆಯೇ?" ಎಂದರು. ಅವಳ ಗೈಡು ಎದ್ದು ನಿಂತರು. ಸಭೆಯೆಲ್ಲ ನನ್ನ ಕಡೆ ತಿರುಗಿತು. ಅವಳ ಐದು ವರ್ಷದ ದುಡಿಮೆ ನನ್ನಿಂದ ಮಣ್ಣುಪಾಲಾಯಿತು ಎಂದುಕೊಂಡೆ.

ಆಗ, ಎಲ್ಲರ ಮುಖ ನೋಡಿಯೇ ಸಂಗತಿ ತಿಳಿದು, ಅವಳೇ ಮಾತಾಡಿದಳು. ದನಿ ಅಗತ್ಯಕ್ಕಿಂತ ಜೋರಾಗಿತ್ತು, ಅದು ಅವಳಿಗೆ ತಿಳಿಯುವ ಹಾಗಿರಲಿಲ್ಲ. "ಅವರು ನನಗೆ ಹೇಳುತ್ತಿರುವುದು ಉತ್ತರವನ್ನಲ್ಲ ಸರ್, ನಿಮ್ಮ ಪ್ರಶ್ನೆಯನ್ನು. ನನಗೆ ಕಿವಿ ಕೇಳಿಸುವುದಿಲ್ಲ. ದಯವಿಟ್ಟು ಬರೆದು ಕೇಳಿ," ಎಂದು ಇಂಗ್ಲಿಷಿನಲ್ಲಿ ಹೇಳಿದಳು.

ಎರಡೂವರೆ ವರ್ಷ ಹೊತ್ತು ತಿರುಗಿದ ಗುಟ್ಟನ್ನು ಅವಳು ಅಲ್ಲಿ ಇಳಿಸಿದ್ದು ತನ್ನ ಮಾನಕ್ಕಾಗಿ ಅಲ್ಲ, ಕಳ್ಳನಂತೆ ನಿಂತಿದ್ದ ನನ್ನ ಮಾನಕ್ಕಾಗಿ.

ಪರೀಕ್ಷಕರು ಎದ್ದು ಹೋಗಿ, ಬೋರ್ಡಿನ ಮೇಲೆ ಆ ಮೂರು ಗೇಣಿನ ಪದ ಬರೆದು, ಮುಂದೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದರು. ಮತ್ತೆ ಮುಕ್ಕಾಲು ಗಂಟೆ ಬರೆಬರೆದು ಕೇಳಿದರು. ಅಂಗಿಯ ತೋಳೆಲ್ಲ ಸೀಮೆಸುಣ್ಣವಾಯಿತು. ಕೊನೆಗೆ ಅವಳೆದುರು ಬಂದು, ಎರಡು ಬೆರಳಿನಿಂದ ಮೀಸೆ ಮೇಲಕ್ಕೆತ್ತಿ ಹಿಡಿದು, "ಕಂಗ್ರಾಜುಲೇಷನ್ಸ್, ಡಾಕ್ಟರ್," ಎಂದರು.

ಆಟೋದಲ್ಲಿ ವಾಪಸು ಬರುವಾಗ ನನ್ನ ತೋಳು ತಟ್ಟಿದಳು. "ಪಾಪ ಅಂತ ಕೊಟ್ರಾ ಅಂಕಲ್?"

"ಪಾಪ ಅನ್ನೋರು ಅಷ್ಟು ಹೊತ್ತು ಗೋಳು ಹುಯ್ಕೊಳ್ತಾರೇನೇ?" ಎಂದೆ. ಆಗ ನಕ್ಕಳು. ಅವಳು ಪೂರ್ತಿ ನಕ್ಕಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಕತೆ ಅಲ್ಲಿಗೆ ನಿಲ್ಲಬೇಕಿತ್ತು, ನಿಲ್ಲಲಿಲ್ಲ. ಮೂರು ತಿಂಗಳಲ್ಲಿ ಉಳಿದದ್ದೂ ಆರಿತು. ಒಂದು ಶುಕ್ರವಾರ ಹೊಸ ಹಾಡು ಹಾಕಿ ಮೊಬೈಲನ್ನು ಕಿವಿಗೆ ಒತ್ತಿದಳು, ಕೆನ್ನೆಗೆ ಒತ್ತಿದಳು, ಹಲ್ಲಿಗೆ ಕಚ್ಚಿ ಹಿಡಿದಳು. ಆಮೇಲೆ ನನ್ನ ಕೈಗೆ ಕೊಟ್ಟಳು. "ನೀವು ಕೇಳಿ, ಹೇಗಿದೆ ಹೇಳಿ."

ಕೇಳಿದೆ. "ಚೆನ್ನಾಗಿದೆ," ಎಂದೆ.

"ಚೆನ್ನಾಗಿದೆ ಅನ್ನೋದು ಸದ್ದಲ್ಲ ಅಂಕಲ್," ಎಂದು ಮೆಟ್ಟಿಲು ಹತ್ತಿ ಹೋದಳು. ಅವಳ ಬೆನ್ನು ನೋಡುತ್ತ ನಿಂತೆ. ಕೂಗಿ ಕರೆದರೂ ಪ್ರಯೋಜನವಿರಲಿಲ್ಲ. ಹಳೆಯ ಕೋಲು ಹುಡುಕಿ ತಾರಸಿಗೆ ಮೆಲ್ಲಗೆ ಬಡಿದೆ. ಅರೆ ನಿಮಿಷದಲ್ಲಿ ಇಳಿದು ಬಂದಳು. "ನೀವು ಬಡಿದ್ರೆ ಪಾದಕ್ಕೆ ಗೊತ್ತಾಗುತ್ತೆ ಅಂಕಲ್, ಮೊದಲಿಂದಾನೂ. ಬೈತಿದೀರ ಅಂತ ತಿಳಿದಿದ್ರೂ, ಯಾರೋ ಕರೀತಿದಾರೆ ಅಂತ ಖುಷಿಯಾಗ್ತಿತ್ತು," ಎಂದಳು. ಅಂದಿನಿಂದ ಕಾಫಿಗೆ ಒಂದು ಬಡಿತ, ಊಟಕ್ಕೆ ಎರಡು.

ಈಗ ಅವಳು ದಕ್ಷಿಣದ ಕರಾವಳಿಯ ಒಂದು ಸಂಶೋಧನಾಲಯದಲ್ಲಿದ್ದಾಳೆ. ಕಾದಂಬರಿಗಳ ಚೀಲಗಳನ್ನು ನಮ್ಮಲ್ಲೇ ಬಿಟ್ಟು ಹೋದಳು. ನಾನು ಶುಕ್ರವಾರ ತಪ್ಪದೆ ಹೊಸ ಹಾಡು ಕೇಳಿ, ಅವಳು ಗೆರೆ ಎಳೆದ ಸಾಲುಗಳಿಂದ ಮಾತು ಕಡ ತಂದು, ಹೇಗಿತ್ತೆಂದು ಬರೆದು ಕಳಿಸುತ್ತೇನೆ. "ಕುದುರೆ ಗೊರಸು ಹೋದ ವಾರಾನೂ ಬಂದಿತ್ತು, ಬೇರೆ ಹುಡುಕಿ," ಎಂದು ಉತ್ತರ ಬರುತ್ತದೆ. ಭಾನುವಾರ ವೀಡಿಯೊ ಕರೆ ಮಾಡುತ್ತಾಳೆ. ಅದಕ್ಕಾಗಿ ನಾನು ತಪ್ಪದೆ ಮೇಲ್ದುಟಿ ಬೋಳಿಸಿಕೊಳ್ಳುತ್ತೇನೆ.

ತನ್ನ ದನಿ ತನಗೇ ಕೇಳಿಸದೆ ಅವಳ ಮಾತು ಬದಲಾಗುತ್ತಿದೆ. ಏರಿಳಿತ ಹೋಗಿ ಚಪ್ಪಟೆಯಾಗಿದೆ, ಕೆಲವು ಅಕ್ಷರ ಅಳಿಸಿಹೋಗಿವೆ. ಮೊನ್ನೆ ಅರ್ಧ ಮಾತು ನನ್ನ ಹೆಂಡತಿಗೆ ತಿಳಿಯದೆ ನಾನೇ ಬಿಡಿಸಿ ಹೇಳಿದೆ. ಪ್ರತಿ ಸಲ ಕರೆ ಮುಗಿಸುವ ಮುಂಚೆ ಅವಳು ಪರದೆಯ ಹತ್ತಿರ ಬಂದು, ಹುಬ್ಬು ಗಂಟಿಕ್ಕಿ, ನನ್ನ ಬಾಯಿ ನೋಡುತ್ತ ಒಂದೇ ಪ್ರಶ್ನೆ ಹಾಕುತ್ತಾಳೆ.

"ನನ್ನ ದನಿ ಹಾಗೇ ಇದೆಯಾ ಅಂಕಲ್?"

ಮೀಸೆಯಿದ್ದರೆ ಸುಳ್ಳಿಗೊಂದು ಮರೆಯಾದರೂ ಇರುತ್ತಿತ್ತು. ಬೋಳು ತುಟಿಯನ್ನು ಅಗಲಿಸಿ, ನಿಧಾನವಾಗಿ, ಒಂದಕ್ಷರವೂ ತಪ್ಪದ ಹಾಗೆ ಹೇಳುತ್ತೇನೆ: "ಹಾಗೇ ಇದೆ ಮಗಳೇ."