ಗೇಟಿನ ಪಕ್ಕದ ಮೀನಿನ ತೊಟ್ಟಿ

ನಮ್ಮ ಚಿಕ್ಕಮ್ಮನನ್ನು ಎಲ್ಲರೂ ಕರೆಯುವುದು ಮೀನಮ್ಮ ಎಂದು. ಅವಳು ಮೀನು ಮಾರುವವಳಲ್ಲ, ತಿನ್ನುವವಳೂ ಅಲ್ಲ. ವಿದ್ಯುತ್ ಸ್ಥಾವರದಲ್ಲಿ ಹದಿನಾಲ್ಕು ವರ್ಷ ಸತ್ತ ಮೀನು ಎತ್ತಿದವಳು. ಕಾಗದದ ಮೇಲೆ ಆ ಕೆಲಸಕ್ಕೆ ತೋಟದ ಸಹಾಯಕಿ ಎಂದು ಹೆಸರು.

ಸ್ಥಾವರದ ಗೇಟಿನ ಪಕ್ಕದಲ್ಲಿ ದೊಡ್ಡ ಗಾಜಿನ ತೊಟ್ಟಿಯಿದೆ. ಕಲ್ಲಿದ್ದಲಿನ ಬೂದಿ ತೊಳೆದ ನೀರನ್ನು ಶುದ್ಧ ಮಾಡಿದೆವು ಎಂದು ಹೇಳಿ ಕಾಲುವೆಗೆ ಬಿಡುತ್ತಾರಲ್ಲ, ಅದೇ ನೀರು ಸಣ್ಣ ಪೈಪಿನಲ್ಲಿ ಈ ತೊಟ್ಟಿಗೂ ಬರುತ್ತಿತ್ತು. ಒಳಗೆ ಕೆಂಪು ಮೀನುಗಳು. ಮೇಲೆ ಹಸಿರು ಬೋರ್ಡು: ‘ನಾವು ಬಿಡುವ ನೀರಿನಲ್ಲಿ ಜೀವ ನಲಿಯುತ್ತದೆ.’ ಥೂ! ಚಿಕ್ಕಮ್ಮ ಬೆಳಿಗ್ಗೆ ಆರಕ್ಕೇ ಬಲೆ ಹಿಡಿದು ಹೋಗಿ, ಹೊಟ್ಟೆ ಮೇಲೆ ಮಾಡಿ ತೇಲುವವು ಇದ್ದರೆ ಎತ್ತಿ, ಷೆಡ್ಡಿನ ಡ್ರಮ್ಮಿನಲ್ಲಿ ಬೋರ್‌ವೆಲ್ ನೀರು ತುಂಬಿ ಸಾಕಿದ್ದ ಬೇರೆ ಮೀನುಗಳನ್ನು ಬಿಡಬೇಕು. ಪರಿಸರ ವಿಭಾಗದ ಸಾಹೇಬರು ಬರುವ ಹೊತ್ತಿಗೆ ಜೀವ ನಲಿಯುತ್ತಿರುತ್ತದೆ.

“ಸಾಯ್ತಾ ಇದಾವಲ್ಲ ಸಾರ್,” ಎಂದು ಮೊದಲ ವರ್ಷವೇ ಹೇಳಿದ್ದಳಂತೆ.

“ಮೀನು ಅಂದ್ಮೇಲೆ ಸಾಯ್ತವೆ. ನೀನು ಬದಲಾಯಿಸ್ತಾ ಇರು,” ಎಂದಿದ್ದರಂತೆ ಸಾಹೇಬರು.

ಬದಲಾಯಿಸುತ್ತಲೇ ಇದ್ದಳು. ಇವಳಿಗೆ ನಾಚಿಕೆಯಾಗುವುದಿಲ್ಲವೇ ಎಂದು ನಾನು ಹಲ್ಲು ಕಡಿದದ್ದುಂಟು. ಆದರೆ ಅವಳು ಬಾಯಿ ಪೂರ್ತಿ ಮುಚ್ಚಿಕೊಂಡಿರಲಿಲ್ಲ. ನಾವಿರುವುದು ಕಾಲುವೆಯ ಕೆಳಗಿನ ಸಾಲುಮನೆಗಳಲ್ಲಿ, ನಮ್ಮ ನಲ್ಲಿಗೆ ಬರುವುದೂ ಆ ಕಾಲುವೆಯ ನೀರೇ. ಕೆಟ್ಟ ನೀರು ದಿನಾ ಬರುವುದಿಲ್ಲ, ಬಂದಾಗ ನೋಡಿದರೆ ಗೊತ್ತೂ ಆಗುವುದಿಲ್ಲ. ಗೊತ್ತಾಗುತ್ತಿದ್ದದ್ದು ಮೀನುಗಳಿಗೆ ಮಾತ್ರ. ಅವು ಸತ್ತ ದಿನ ಚಿಕ್ಕಮ್ಮ ಷೆಡ್ಡಿನ ಹಿಂದೆ ನಿಂತು ನನಗೆ ಫೋನು ಮಾಡುತ್ತಿದ್ದಳು. “ಇವತ್ತು ನೀರು ಹಿಡೀಬೇಡ ಕಣೆ.” ನಾನು ಮನೆಮನೆಗೂ ಕೂಗಿ ಹೇಳುತ್ತಿದ್ದೆ. ಆ ದಿನ ಎಲ್ಲರೂ ದಿಬ್ಬದ ಮೇಲಿನ ಬೋರಿಂಗಿನಿಂದ ಕೊಡ ಹೊರುತ್ತಿದ್ದೆವು.

ಹೋದ ವರ್ಷ ಚಿಕ್ಕಮ್ಮ ಜ್ವರ ಬಂದು ಮೂರು ದಿನ ರಜೆ ಹಾಕಿದಳು. ಫೋನು ಬರಲಿಲ್ಲ. ನನ್ನ ಮಗಳ ಕೈಕಾಲೆಲ್ಲ ಗುಳ್ಳೆ ಎದ್ದು, ಕೆರೆದು ಕೆರೆದು ರಕ್ತ ಬಂತು. ಆಸ್ಪತ್ರೆಯ ಮಂಚದ ಪಕ್ಕ ಕೂತ ಚಿಕ್ಕಮ್ಮ ಮಗುವಿನ ಕೈ ನೋಡಿ, “ಸಾಕು ಇನ್ನು, ಸಾಕು,” ಎಂದಳು.

ಅಷ್ಟರಲ್ಲಿ ಹಸಿರು ಪ್ರಶಸ್ತಿಯ ಪರೀಕ್ಷಕರು ಬರುವ ದಿನ ಗೊತ್ತಾಯಿತು. ಎರಡು ದಿನ ತಡೆದು ನಿಲ್ಲಿಸಿದ್ದ ಹೊಲಸನ್ನು ಸ್ಥಾವರದವರು, ಪರೀಕ್ಷಕರು ಬರುವುದು ಮಧ್ಯಾಹ್ನ ತಾನೇ ಎಂದು ಅವತ್ತು ಬೆಳಗಿನ ಜಾವವೇ ಬಿಟ್ಟು ಖಾಲಿ ಮಾಡಿಕೊಂಡಿದ್ದರು. ಪರೀಕ್ಷಕರು ಒಂಬತ್ತಕ್ಕೇ ಬಂದಿಳಿದರು. ತೊಟ್ಟಿಯ ತುಂಬ ಸತ್ತ ಮೀನು. ಚಿಕ್ಕಮ್ಮ ಬಲೆಯನ್ನು ಮಡಿಲಲ್ಲಿಟ್ಟುಕೊಂಡು ಸ್ಟೂಲಿನ ಮೇಲೆ ಕೂತಿದ್ದಾಳೆ.

“ಏನಮ್ಮ ಇದು?” ಎಂದರು ಪರೀಕ್ಷಕರು.

“ನೀರು, ಸಾರ್.”

ಸಾಹೇಬರು ಹಲ್ಲು ಕಿರಿದರು. “ಜಾಸ್ತಿ ತಿನ್ನಿಸಿಬಿಟ್ಟಿದಾಳೆ ಸಾರ್. ಓದು ಬರಹ ಇಲ್ಲ, ಏನು ಮಾಡೋದು!”

ಚಿಕ್ಕಮ್ಮ ಎದ್ದು ಹೋಗಿ ಡ್ರಮ್ಮಿನಿಂದ ಒಂದು ಬಕೆಟ್ ಜೀವಂತ ಮೀನು ತಂದು ತೊಟ್ಟಿಗೆ ಸುರಿದಳು. “ಚಹಾ ಕುಡೀರಿ ಸಾರ್. ಕುಡೀತಾ ನೋಡ್ತಾ ಇರಿ.”

ಚಹಾ ಬಂತು, ಬಿಸ್ಕತ್ತು ಬಂತು. ಲೋಟ ಅರ್ಧವಾಗುವುದರೊಳಗೆ ಮೀನುಗಳು ಮೇಲೆ ಬಂದು ಬಾಯಿ ಬಿಡತೊಡಗಿದವು. ಒಂದು ಮಗುಚಿಕೊಂಡಿತು. ಪರೀಕ್ಷಕರು ಲೋಟ ಕೆಳಗಿಟ್ಟು ಫೈಲು ತೆರೆದು ಬರೆದೇ ಬರೆದರು. ಅವತ್ತು ಚಿಕ್ಕಮ್ಮ ಮನೆಗೆ ಬಂದವಳೇ ನನ್ನ ಮಗಳನ್ನು ಎತ್ತಿಕೊಂಡು ಕುಣಿದಳು.

ಅವರು ಬರೆದದ್ದು ಇಷ್ಟೇ: ಮೀನುಗಳ ಆರೈಕೆ ಸುಧಾರಿಸಬೇಕು.

ಸುಧಾರಿಸಿದರು. ಕಾಲುವೆಯ ಪೈಪು ಕತ್ತರಿಸಿ ತೊಟ್ಟಿಗೆ ಬೋರ್‌ವೆಲ್ ನೀರು ಕೊಟ್ಟರು, ಗಾಳಿಗುಳ್ಳೆ ಎಬ್ಬಿಸುವ ಯಂತ್ರ ಇಟ್ಟರು, ಬಣ್ಣದ ದೀಪ ಹಾಕಿದರು. ಪ್ರಶಸ್ತಿಯೂ ಬಂತು. ಚಿಕ್ಕಮ್ಮನಿಗೆ ಒಂದು ಶಾಲು ಹೊದಿಸಿ ಫೋಟೋ ತೆಗೆದರು. ಇಂಥ ಹೇಸಿಗೆಯನ್ನು ನಾನು ಹುಟ್ಟಿದಾಗಿನಿಂದ ಕಂಡಿಲ್ಲ.

ಈಗ ಒಂದು ಮೀನೂ ಸಾಯುವುದಿಲ್ಲ. ಮೊದಲ ವಾರ ಫೋನು ಬರಲಿಲ್ಲವೆಂದು ನಾನೇ ಮಾಡಿದೆ. “ಚಿಕ್ಕಮ್ಮ, ನೀರು ಹಿಡೀಲಾ?”

“ಮೀನು ಚೆನ್ನಾಗಿದಾವೆ ಕಣೆ,” ಎಂದಳು. “ನಂಗೇನೂ ಗೊತ್ತಾಗ್ತಾ ಇಲ್ಲ. ನಾನೇ ಹಾಳು ಮಾಡ್ಬಿಟ್ಟೆ.”

ಆ ಸಂಜೆ ಅವಳು ಊಟದ ಡಬ್ಬಿಯನ್ನು ಅಲುಗಾಡದಂತೆ ಎದೆಗವಚಿಕೊಂಡು ಬಂದಳು. ಮುಚ್ಚಳ ತೆಗೆದರೆ ಒಳಗೆ ಎರಡು ಕೆಂಪು ಮೀನು. ಈಗ ನಮ್ಮ ಅಡುಗೆಮನೆಯ ಕಿಟಕಿಯಲ್ಲಿ ಒಂದು ಗಾಜಿನ ಭರಣಿ ಇದೆ. ಬೆಳಿಗ್ಗೆ ನಲ್ಲಿಯ ಮೊದಲ ನೀರು ಅದಕ್ಕೆ. ನಾವೂ ಮೀನು ಸಾಯಿಸುವವರಾದೆವಲ್ಲ ಎಂದು ನನಗೆ ನನ್ನ ಮೇಲೇ ಅಸಹ್ಯ. ಆದರೂ ಭರಣಿಯ ಮುಂದೆ ನಿಂತು ಕಾಯುತ್ತೇನೆ, ಆಮೇಲೆಯೇ ಮಗಳಿಗೆ ಸ್ನಾನ. ಭರಣಿಯ ಮೀನು ಸತ್ತರೆ ಚಿಕ್ಕಮ್ಮ ಮರುದಿನ ಬೇರೆ ತರುತ್ತಾಳೆ. ಗೇಟಿನ ತೊಟ್ಟಿಯಲ್ಲಿ ಕೊಬ್ಬಿದವು ಬೇಕಾದಷ್ಟಿವೆ.