ಮೀನಬಾಲದ ಕಾರಿಗೆ ಕೊಟ್ಟ ವೀಳ್ಯ

ವಾಡಿ ಜಂಕ್ಷನ್ನಿನ ರೈಲ್ವೆ ಗೇಟಿನಾಚೆ ಬಾಬುಮಿಯಾನ ಗ್ಯಾರೇಜು. ಅಲ್ಲಿ ಹದಿನೆಂಟು ವರ್ಷ ಲಾರಿಗಳ ಹೊಟ್ಟೆಯ ಕೆಳಗೆ ಅಂಗಾತ ಮಲಗಿ ಅನ್ನ ದುಡಿದ ಸಾಯಬಣ್ಣ, ತನ್ನ ಆಯುಷ್ಯದಲ್ಲಿ ಇನ್ನೊಬ್ಬರನ್ನು ಬಾಯಿಬಿಟ್ಟು ಕೇಳಿದ್ದು ಎರಡೇ ಮಾತು. ತಾನು ಮಾಡಿದ ಕಾರಿನ ಹಿಂದೆ ಅಂಗೈಯಗಲದ ತಗಡಿನ ಮೇಲೆ ತನ್ನ ಹೆಸರು ಇರಬೇಕು. ಹೈದರಾಬಾದಿನ ಮೋಟಾರು ಪ್ರದರ್ಶನದಲ್ಲಿ ಅದನ್ನು ತಾನೇ ಓಡಿಸಬೇಕು. ಇಷ್ಟೇ. ಬಹುಮಾನದ ಕಪ್ಪು ಕೊಡಿ ಅಂದವನಲ್ಲ, ಹಾರ ಹಾಕಿ ಅಂದವನಲ್ಲ.

ಈ ಹೆಸರಿನ ಹುಚ್ಚು ಅವನಿಗೆ ಹತ್ತಿದ್ದು ಅಪ್ಪ ಸತ್ತ ದಿನ. ಅಪ್ಪ ಶಿವರಾಯ ಕಾಗಿಣಾ ಹೊಳೆಯ ದಂಡೆಯ ಊರಿನಲ್ಲಿ ಹರಗೋಲು ಕಟ್ಟುವವನು. ಬಿದಿರು ಸೀಳಿ, ನೀರಿನಲ್ಲಿ ನೆನೆಸಿ, ಮೊಣಕಾಲಿಗೆ ಒತ್ತಿಟ್ಟು ಬಗ್ಗಿಸಿದನೆಂದರೆ ಅದು ಮುರಿದ ದಾಖಲೆ ಇಲ್ಲ. ಸಂತೆಗೆ ಹೋಗುವವರು, ದಿಬ್ಬಣದವರು, ತವರಿಗೆ ಹೆರಿಗೆಗೆ ಹೊರಟ ಬಸುರಿಯರು, ಎಲ್ಲರೂ ಅವನು ಕಟ್ಟಿದ ಹರಗೋಲಿನಲ್ಲೇ ಹೊಳೆ ದಾಟಿದವರು. ಅಂಥವನ ಮಣ್ಣಿಗೆ ಬಂದ ಆಚೆ ದಂಡೆಯ ಹಿರಿಯನೊಬ್ಬ ಪಕ್ಕದವನನ್ನು ಕೇಳಿದ: "ಹರಗೋಲು ಕಟ್ತಿದ್ದನಲ್ಲ, ಅವನ ಹೆಸರೇನ್ರಿ?" ಹದಿನಾಲ್ಕು ವರ್ಷದ ಸಾಯಬಣ್ಣನ ಕಿವಿಗೆ ಆ ಮಾತು ಬಿತ್ತು. ಅವನಿಗೆ ಅಳು ಬಂದದ್ದು ಆಗಲೇ, ಅಲ್ಲಿಯವರೆಗೆ ಬಂದಿರಲಿಲ್ಲ.

ಕಾರು ಸಿಕ್ಕಿದ್ದು ಚಿತ್ತಾಪುರದ ಒಬ್ಬ ಹಳೆಯ ಜಾಗೀರದಾರರ ವಾಡೆಯ ಹಿತ್ತಲಿನಲ್ಲಿ. ನಿಜಾಮನ ಕಾಲದ ಹಿಲ್‌ಮನ್. ಕೋಳಿಗಳು ಹಿಂದಿನ ಸೀಟಿನಲ್ಲಿ ಮೊಟ್ಟೆ ಇಟ್ಟು ಮರಿ ಮಾಡಿ ಸಂಸಾರ ಹೂಡಿದ್ದವು. ಒಂದು ಬೇಸಿಗೆ ಪೂರ್ತಿ ಜಾಗೀರದಾರರ ಬಾವಿಯ ಇಂಜಿನ್ನು ರಿಪೇರಿ ಮಾಡಿಕೊಟ್ಟು, ಅದರ ಬದಲಿಗೆ ಸಾಯಬಣ್ಣ ಆ ಕಾರನ್ನು ಎತ್ತಿನ ಗಾಡಿಗೆ ಕಟ್ಟಿ ಎಳೆದು ತಂದ. ಹೆಂಡತಿ ಹಣಮಮ್ಮ ಬಾಗಿಲಲ್ಲೇ ಸೊಂಟಕ್ಕೆ ಕೈಯಿಟ್ಟು ನಿಂತಳು.

"ಇದೇನ್ರಿ, ಕೋಳಿ ಬಿಟ್ಟು ಗೂಡಷ್ಟೇ ತಂದೀರಿ?"

"ನೀ ನೋಡ್ಲಿಕತ್ತಿರು," ಅಂದ ಸಾಯಬಣ್ಣ.

ಎರಡು ವರ್ಷ ಅವಳು ನೋಡುತ್ತಲೇ ಇದ್ದಳು. ಗಂಡ ಮೇಲ್ಛಾವಣಿ ಕೊಯ್ದು ಬಿಸುಟ. ನೀರಿನ ಪೈಪುಗಳನ್ನು ಕಾಯಿಸಿ, ಅಪ್ಪ ಬಿದಿರು ಬಗ್ಗಿಸಿದ ಹಾಗೆಯೇ ಮೊಣಕಾಲು ಕೊಟ್ಟು ಬಗ್ಗಿಸಿ ಪಕ್ಕೆಲುಬು ಕೂಡಿಸಿದ. ಎಣ್ಣೆ ಡ್ರಮ್ಮಿನ ತಗಡನ್ನು ಶಹಾಬಾದ ಕಲ್ಲಿನ ಮೇಲೆ ಬಡಿದು ಬಡಿದು ಅದರ ಮೇಲೆ ಹೊದಿಸಿದ. ಕಾರಿನ ಮುಂಭಾಗ ಮೀನಿನ ಮೂತಿಯಂತೆ ಚೂಪಾಯಿತು, ಹಿಂಭಾಗ ಎರಡು ಸೀಳಾಗಿ ಬಾಲದಂತೆ ಮೇಲೆದ್ದಿತು. ಬಾಲಕ್ಕೆ ಜಾಗ ಮಾಡಲು ಪೆಟ್ರೋಲ್ ಟಾಕಿಯನ್ನು ತೀರ ಕೆಳಗೆ ಇಳಿಸಬೇಕಾಯಿತು. ಅದರಿಂದ ಒಂದು ತೊಡಕು ಬಂತು. ಏರು ಹತ್ತುವಾಗ ಇಂಜಿನ್ನಿಗೆ ಪೆಟ್ರೋಲು ಏರದು. ಸಾಯಬಣ್ಣ ಹೆಂಡತಿಯ ಹಿತ್ತಾಳೆ ಸ್ಟೋವಿನ ಪಂಪು ಕಿತ್ತು ಡ್ರೈವರ್ ಸೀಟಿನ ಕೆಳಗೆ ಕೂಡಿಸಿದ. ಏರು ಬಂದಾಗ ಎಡಗೈಯಿಂದ ಆರು ಸಲ ಒತ್ತಿದರೆ ಟಾಕಿಗೆ ಗಾಳಿ ತುಂಬಿ ಪೆಟ್ರೋಲು ಮೇಲೇರುತ್ತಿತ್ತು. ಹಣಮಮ್ಮ ಮಾತ್ರ ಆರು ತಿಂಗಳು ಕಟ್ಟಿಗೆ ಒಲೆ ಊದಿದಳು. ಅವಳ ಬಾಯಿಂದ ಆಗ ಉದುರಿದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ.

ಮೈಸೂರು ರಾಜ್ಯ ಹೋಗಿ ಕರ್ನಾಟಕ ಅಂತ ಹೆಸರಾದ ವರ್ಷ ಅದು. ನಾಡಿಗೇ ಹೊಸ ಹೆಸರು ಬಂತು, ಪೆಟ್ರೋಲಿಗೆ ಹೊಸ ದರವೂ ಬಂತು. ಹೈದರಾಬಾದಿನಲ್ಲಿ ಚಳಿಗಾಲಕ್ಕೆ ಮೋಟಾರು ಪ್ರದರ್ಶನ ನಡೆಯುತ್ತದೆ, ಕೈಯಿಂದ ರೂಪ ಬದಲಿಸಿದ ಕಾರುಗಳಿಗೇ ಬೇರೆ ಬಹುಮಾನ ಇದೆ ಎಂದು ಲಾರಿ ಡ್ರೈವರುಗಳಿಂದ ಸುದ್ದಿ ಬಂತು. ಆದರೆ ಕಾರು ಯಾವುದಾದರೂ ಕಂಪನಿಯ ಹೆಸರಿನಲ್ಲೇ ಬರಬೇಕು, ಖರ್ಚು ಕಂಪನಿಯದೇ ಇರಬೇಕು ಎಂಬ ನಿಯಮ. ಸಾಯಬಣ್ಣನ ಹತ್ತಿರ ನಾಲ್ಕು ನೆಟ್ಟಗಿನ ಟೈರೂ ಇರಲಿಲ್ಲ, ಕಂಪನಿ ಎಲ್ಲಿಂದ ತರಬೇಕು?

ಆಗ ಕೈ ಕೊಟ್ಟವನು ಬಸವಂತರಾಯ. ಕೈ ಕೊಟ್ಟದ್ದು ಎರಡೂ ಅರ್ಥದಲ್ಲಿ, ಆದರೆ ಎರಡನೆಯದಕ್ಕೆ ಇನ್ನೂ ಸಮಯವಿದೆ. ಇಬ್ಬರದೂ ಒಂದೇ ಊರು, ಒಂದೇ ಓಣಿ. ಶಿವರಾಯನ ಹರಗೋಲಿನಲ್ಲಿ ಕೂತೇ ಇಬ್ಬರೂ ಹೊಳೆಯಾಚೆಯ ಸಾಲೆಗೆ ಹೋದವರು. ಸಾಯಬಣ್ಣ ನಾಲ್ಕನೆಯ ಇಯತ್ತೆಗೆ ಸಾಲೆ ಬಿಟ್ಟ, ಬಸವಂತರಾಯ ಮೆಟ್ರಿಕ್ ಮುಗಿಸಿ ಶಹಾಬಾದಿನಲ್ಲಿ ಕಲ್ಲು ಪಾಲಿಶ್ ಮಾಡುವ ನವರಂಗ್ ಸ್ಟೋನ್ ಕಂಪನಿಯಲ್ಲಿ ಗುಮಾಸ್ತನಾದ. ಭಾನುವಾರ ಬಂದು ಕಾರಿನ ಸುತ್ತ ಮೂರು ಸುತ್ತು ಹಾಕಿದ.

"ನಮ್ಮ ಮ್ಯಾನೇಜರ್ ಸಾಹೇಬ್ರಿಗಿ ಹೇಳ್ತೀನಿ. ಕಂಪನಿ ಹೆಸರು ಎರಡೂ ಬಾಗಿಲಿಗಿ ಬರೀತಾರ, ಟೈರ್, ಬಣ್ಣ, ಪೆಟ್ರೋಲ್ ಎಲ್ಲಾ ಅವರದೇ. ನಿಂದೇನು ಹೇಳು."

ಸಾಯಬಣ್ಣ ತನ್ನ ಎರಡು ಮಾತು ಹೇಳಿದ.

"ಹಿಂದ ನನ್ನ ಹೆಸರು. ಓಡ್ಸಾಂವ ನಾ. ಬ್ಯಾರೆ ಏನೂ ಬ್ಯಾಡ."

"ಇಷ್ಟೇನಾ? ಹುಚ್ಚ ಅದೀ ನೀ," ಎಂದು ಬಸವಂತರಾಯ ನಕ್ಕ.

ಆ ಹೊಳೆದಂಡೆಯ ಮಂದಿಗೆ ಕಾಗದಕ್ಕಿಂತ ವೀಳ್ಯ ದೊಡ್ಡದು. ಮಾತು ಕೊಡುವಾಗ ಎರಡು ಎಲೆ, ಒಂದು ಇಡೀ ಅಡಿಕೆ ಕೈಗೆ ಕೊಡುತ್ತಾರೆ. ಹಿಡಿದವನು ಅದನ್ನು ತಿನ್ನುವಂತಿಲ್ಲ, ತಿಂದರೆ ಮಾತು ಒಲ್ಲೆ ಅಂದ ಹಾಗೆ. ಮನೆಗೆ ಒಯ್ದು ದೇವರ ಜಗಲಿಯ ಮೇಲೆ ಇಡಬೇಕು. ಮಾತು ನಡೆದ ಮೇಲೆ, ಒಣಗಿದ ಎಲೆಯನ್ನು ಕಾಗಿಣಾಕ್ಕೆ ಬಿಡಬೇಕು. ನಡುವೆ ನಿಂತು ಮಾತು ಆಡಿಸಿದವನೂ ಒಂದು ಜೊತೆ ಎಲೆ ಹಿಡಿಯಬೇಕು. ಅವನ ಮೇಲೂ ಭಾರ.

ಹಾಗಾಗಿ ಶಹಾಬಾದಿನ ಕಂಪನಿ ಆಫೀಸಿಗೆ ಹೋಗುವಾಗ ಸಾಯಬಣ್ಣ ಒಗೆದ ಧೋತರ ಉಟ್ಟು, ಅಂಗವಸ್ತ್ರದಲ್ಲಿ ನಾಲ್ಕು ಎಲೆ, ಎರಡು ಅಡಿಕೆ ಕಟ್ಟಿಕೊಂಡು ಹೋದ. ಮ್ಯಾನೇಜರು ಮದ್ರಾಸಿನ ಕಡೆಯವರು. ಬಸವಂತರಾಯ ಅವರೊಡನೆ ಇಂಗ್ಲಿಷಿನಲ್ಲಿ ಉದ್ದಕ್ಕೆ ಮಾತಾಡಿದ. ಸಾಯಬಣ್ಣನಿಗೆ ಬಾಬುಮಿಯಾನ ಉರ್ದು ನೀರು ಕುಡಿದಷ್ಟು ಸಲೀಸು, ಇಂಗ್ಲಿಷು ಮಾತ್ರ ಗಾಳಿ. ಸಾಹೇಬರು ತಲೆಯಾಡಿಸಿದರು. ಸಾಯಬಣ್ಣ ಎದ್ದು ಎರಡೂ ಕೈಯಿಂದ ವೀಳ್ಯ ಕೊಟ್ಟ. ಅವರು ಖುಷಿಯಾಗಿ ತೆಗೆದುಕೊಂಡು, ಅಡಿಕೆಯನ್ನು ಮೇಜಿನ ಮೇಲಿಟ್ಟು, ತಮ್ಮ ಬೆಳ್ಳಿ ಡಬ್ಬಿಯ ಸುಪಾರಿ ಹಾಕಿಕೊಂಡು ಎಲೆಯನ್ನು ಅಲ್ಲೇ ಬಾಯಿಗಿಟ್ಟರು.

ಸಾಯಬಣ್ಣ ಬಸವಂತರಾಯನ ಕಿವಿಯ ಕಡೆ ಬಾಗಿದ.

"ತಿಂದ್ರಲ್ಲೋ!" ಎಂದು ಪಿಸುಗುಟ್ಟಿದ.

"ಪರಊರವರು, ಅವರಿಗೇನು ಗೊತ್ತು? ನಾ ಅದೀನಲ್ಲ ನಡುವ, ನಂಗ ಕೊಡು." ಬಸವಂತರಾಯ ಎರಡನೆಯ ಜೊತೆಯನ್ನು ಕಣ್ಣಿಗೊತ್ತಿಕೊಂಡು ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡ. ಸಾಯಬಣ್ಣನಿಗೆ ಹೋದ ಜೀವ ಬಂತು.

ಟೈರು ಬಂದವು, ಬಣ್ಣ ಬಂತು. ಪ್ರದರ್ಶನಕ್ಕೆ ನಾಲ್ಕು ದಿನ ಇದ್ದಾಗ ಬಸವಂತರಾಯ ಕಂಪನಿಯ ಡ್ರೈವರನ್ನು ಕರೆದುಕೊಂಡು ಬಂದ. ಬಾಗಿಲಿಗೆ ಹೆಸರು ಬರೆಸಬೇಕು, ಕಾರನ್ನು ಶಹಾಬಾದಿಗೆ ಒಯ್ದು ಅಲ್ಲಿಂದ ಲಾರಿಯ ಮೇಲೆ ಹೈದರಾಬಾದಿಗೆ ಕಳಿಸುತ್ತೇವೆ, ನೀನು ರೈಲಿಗೆ ಬಾ ಅಂದ. ಸಾಯಬಣ್ಣ ತಗಡಿನ ಪಟ್ಟಿಯನ್ನು ಅವನ ಕೈಯಲ್ಲಿಟ್ಟ. ಅದರ ಮೇಲೆ ಮೊಳೆಯಿಂದ ಚುಕ್ಕಿ ಚುಕ್ಕಿಯಾಗಿ ತಾನೇ ಕೊರೆದದ್ದು: ‘ಮಾಡಿದವ ಸಾಯಬಣ್ಣ ಶಿವರಾಯ, ವಾಡಿ’. ಅಪ್ಪನ ಹೆಸರನ್ನೂ ಸೇರಿಸಿದ್ದ.

"ಬಣ್ಣ ಒಣಗಿದ ಮ್ಯಾಲ ಕೂಡ್ಸು," ಅಂದ.

"ಅದನೂ ಹೇಳ್ಬೇಕಾ?" ಅಂದ ಬಸವಂತರಾಯ.

ಹೈದರಾಬಾದಿನ ಮೈದಾನದ ಗೇಟಿನಲ್ಲಿ ಚೀಟಿ ಇಲ್ಲದವರಿಗೆ ಪ್ರವೇಶ ಇರಲಿಲ್ಲ. ಬಸವಂತರಾಯ ಗೇಟಿಗೆ ಬರುತ್ತಾನೆಂದು ಸಾಯಬಣ್ಣ ಬಿಸಿಲಲ್ಲಿ ಎರಡು ತಾಸು ನಿಂತ. ಬರಲಿಲ್ಲ. ಏನೋ ಕೆಲಸದಲ್ಲಿರಬೇಕು, ಪಾಪ, ಅಂದುಕೊಂಡ. ಪಾಪ ಅಂದುಕೊಂಡ ನೋಡಿ! ಕೊನೆಗೆ ಟಿಕೆಟು ಕೊಂಡು ನೋಡುವ ಮಂದಿಯ ಜೊತೆ ಒಳಗೆ ಹೋಗಿ, ಮಂದಿಯನ್ನು ತಡೆಯಲು ಕಟ್ಟಿದ್ದ ಹಗ್ಗದ ಈಚೆ ನಿಂತ.

ಕಾರುಗಳು ಒಂದೊಂದೇ ಬಂದವು. ಏಳನೆಯದು ಅವನ ಮೀನು. ನೀಲಿ ಬಣ್ಣ ಬಿಸಿಲಿಗೆ ಮಿಂಚುತ್ತಿತ್ತು. ಸಾಯಬಣ್ಣನ ಕಣ್ಣು ಮೊದಲು ಬಾಲಕ್ಕೆ ಹೋಯಿತು. ತಗಡಿನ ಪಟ್ಟಿ ಇರಲಿಲ್ಲ. ಆಮೇಲೆ ಸ್ಟೇರಿಂಗಿನ ಕಡೆಗೆ ನೋಡಿದ. ಅಲ್ಲಿ ಹೊಸ ಕೋಟು ತೊಟ್ಟ ಬಸವಂತರಾಯ ಕೂತಿದ್ದ. ಮೈಕಿನವನು ಉರ್ದುವಿನಲ್ಲಿ ಕೂಗಿ ಹೇಳುತ್ತಿದ್ದ: ನವರಂಗ್ ಸ್ಟೋನ್ ಕಂಪನಿಯ ಹೊಸ ಹೈದರಾಬಾದ್ ಶಾಖೆಯ ಇನ್‌ಚಾರ್ಜ್ ಬಸವಂತರಾಯ ಸಾಹೇಬರು ಎರಡು ವರ್ಷ ಸ್ವಂತ ಕೈಯಿಂದ ತಯಾರಿಸಿದ ಕಾರು ಇದು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಆವತ್ತು ಆಫೀಸಿನಲ್ಲಿ ಇಂಗ್ಲಿಷಿನಲ್ಲಿ ಉದ್ದಕ್ಕೆ ಆಡಿದ ಮಾತು ಏನೆಂದು ಸಾಯಬಣ್ಣನಿಗೆ ಈಗ ತಿಳಿಯಿತು.

ತೀರ್ಪುಗಾರರ ಕಟ್ಟೆಯ ಮುಂದೆ ಮಣ್ಣಿನ ಏರು ಹಾಕಿದ್ದರು. ಅರ್ಧ ಏರಿಗೆ ಕಾರು ಕೆಮ್ಮಿತು, ನಿಂತಿತು. ಬಸವಂತರಾಯ ಕೀಲಿ ತಿರುವಿದ, ಕಾಲು ಒತ್ತಿದ, ಬೆವರಿದ. ಸೀಟಿನ ಕೆಳಗಿನ ಪಂಪಿನ ಸುದ್ದಿ ಅವನಿಗೆಲ್ಲಿ ಗೊತ್ತು? ಮಂದಿ ನಗಲು ಶುರು ಮಾಡಿದರು. "ಮಛಲಿ ಮರ್ ಗಯಿ!", ಮೀನು ಸತ್ತಿತು ಎಂದು ಯಾರೋ ಕೂಗಿದರು.

ನಗಲಿ, ಚೆನ್ನಾಗಿ ನಗಲಿ ಅನ್ನಿಸಿತು ಸಾಯಬಣ್ಣನಿಗೆ. ಒಂದು ಗಳಿಗೆ ಮಾತ್ರ. ಮಂದಿ ನಗುತ್ತಿದ್ದುದು ಬಸವಂತರಾಯನಿಗಲ್ಲ, ತನ್ನ ಕಾರಿಗೆ. ಅಪ್ಪನ ಮೊಣಕಾಲಿನಿಂದ ಕಲಿತ ಆ ಪಕ್ಕೆಲುಬಿಗೆ. ಅದನ್ನು ತಾಳಲು ಅವನಿಂದ ಆಗಲಿಲ್ಲ. ಹಗ್ಗದ ಕೆಳಗೆ ನುಸುಳಿ ಓಡಿ ಹೋಗಿ, ಬಸವಂತರಾಯನ ಕಾಲ ಬುಡದಲ್ಲಿ ಕೂತು, ಸೀಟಿನ ಕೆಳಗೆ ಕೈಹಾಕಿ ಆರು ಸಲ ಪಂಪು ಒತ್ತಿದ.

"ಈಗ ತಿರುವು," ಅಂದ.

ಕಾರು ಗುಡುಗಿ ಏರು ಹತ್ತಿತು. ಜನ ಚಪ್ಪಾಳೆ ತಟ್ಟಿದರು. ಮ್ಯಾನೇಜರು ಓಡಿ ಬಂದು ಸಾಯಬಣ್ಣನ ಬೆನ್ನು ತಟ್ಟಿ, ಆವತ್ತು ಎಲೆ ಕೊಟ್ಟವನ ಗುರುತು ಹತ್ತದೆ, ಇವನು ಯಾರು ಎಂಬಂತೆ ಬಸವಂತರಾಯನನ್ನು ನೋಡಿದರು. "ಹಮಾರಾ ಮಿಸ್ತ್ರಿ, ಸರ್," ಎಂದು ಅವನು ಅಂದ. ಸಾಹೇಬರು ಕಿಸೆಯಿಂದ ಐದು ರೂಪಾಯಿ ತೆಗೆದು ಮಿಸ್ತ್ರಿಯ ಕೈಗಿಟ್ಟರು. ಕೈಗೆ ಗ್ರೀಸು ಮೆತ್ತಿಸಿಕೊಂಡವನಿಗೆ ಐದು ರೂಪಾಯಿ, ಕೋಟು ತೊಟ್ಟವನಿಗೆ ಬೆಳ್ಳಿ ಕಪ್ಪು.

ಸಂಜೆ ಮೈದಾನದ ಹಿಂದೆ ಸಾಯಬಣ್ಣ ಅವನನ್ನು ಹಿಡಿದ.

"ಯಾಕ ಹಿಂಗ ಮಾಡ್ದಿ, ಬಸಣ್ಣ?"

"ನಿಂಗೇನು ಕಡಿಮಿ ಆಯ್ತೋ? ಕಾರು ಹೈದರಾಬಾದ ನೋಡ್ತು. ನನ್ನ ಬಡ್ತಿ ಇದ್ರ ಮ್ಯಾಲೇ ನಿಂತಿತ್ತು. ಸಾಹೇಬ್ರು ನಿನಗೇನು ಬರೆದು ಕೊಟ್ಟಿದ್ರಾ? ಎಲಿ ಕೊಟ್ಟಿ, ಅವರು ತಿಂದ್ರು, ಮುಗೀತು."

"ಅವರು ತಿಂದ್ರು, ಖರೆ. ಅವರಿಗಿ ತಿಳೀತಿದ್ದಿಲ್ಲ. ನೀ ತಿನ್ಲಿಲ್ಲಲ್ಲೋ. ನೀ ಕಣ್ಣಿಗೊತ್ತಿ ಕಿಸೆದಾಗ ಇಟ್ಕೊಂಡಿ."

ಬಸವಂತರಾಯ ಕೋಟಿನ ಧೂಳು ಕೊಡವಿಕೊಂಡು ಹೋದ.

ಕಾರು ವಾಡಿಗೆ ತಿರುಗಿ ಬರಲಿಲ್ಲ. ಕಂಪನಿ ಅದನ್ನು ಶಹಾಬಾದಿನ ತನ್ನ ಅಂಗಳದ ಬಾಗಿಲಲ್ಲಿ ಬೋರ್ಡಿನ ಬದಲಿಗೆ ನಿಲ್ಲಿಸಿತು. ಕಲ್ಲಿನ ಪುಡಿ ಕೂತು ಕೂತು ನೀಲಿ ಬಣ್ಣ ಬಿಳಿಚಿಕೊಂಡಿತು. ಲಾರಿ ಟ್ರಯಲ್ಲಿಗೆ ಆ ಕಡೆ ಹೋದಾಗಲೆಲ್ಲ ಸಾಯಬಣ್ಣ ಸುತ್ತುದಾರಿ ಹಿಡಿಯುತ್ತಿದ್ದ. ಬಾಬುಮಿಯಾ ಡೀಸೆಲ್ ಸುಡುತ್ತದೆಂದು ಬೈಯುತ್ತಿರಲಿಲ್ಲ. ಹಣಮಮ್ಮನಿಗೆ ಆ ಐದು ರೂಪಾಯಿಯ ಸುದ್ದಿಯನ್ನು ಅವನು ಹೇಳಲೇ ಇಲ್ಲ. ಹೊಸ ಸ್ಟೋವ್ ಪಂಪು ಮಾತ್ರ ತಂದುಕೊಟ್ಟ.

ಒಂಬತ್ತು ವರ್ಷ ಕಳೆದವು. ಒಂದು ಬೆಳಿಗ್ಗೆ ಬಸವಂತರಾಯ ವಾಡಿಯ ಮನೆಯ ಬಾಗಿಲಿಗೆ ಬಂದ. ತಲೆ ನರೆತಿತ್ತು, ಹೊಟ್ಟೆ ಬಂದಿತ್ತು. ಮಗಳ ಮದುವೆ, ಹೈದರಾಬಾದಿನಲ್ಲಲ್ಲ, ಊರಿನಲ್ಲೇ. ಅವನ ಕಡೆ ಹಿರಿಯರೆಂಬವರು ಯಾರೂ ಉಳಿದಿರಲಿಲ್ಲ. ಹಂದರಗಂಬ ನೆಡಲು ಓಣಿಯ ಹಿರಿಯನೊಬ್ಬ ಬೇಕು, ಅವನಿಗೆ ವೀಳ್ಯ ಕೊಟ್ಟೇ ಕರೆಯಬೇಕು. ಅದು ಪದ್ಧತಿ.

"ಹಳೇದು ಬಿಡು ಸಾಯಬಣ್ಣ. ನೀ ಬಂದು ಗಂಬಕ್ಕ ಕೈ ಹಚ್ಚು. ಎಲಿ ಹಿಡಿ," ಎಂದು ಎರಡು ಎಲೆ, ಒಂದು ಅಡಿಕೆ ಮುಂದೆ ಚಾಚಿದ.

ಸಾಯಬಣ್ಣ ಮೊದಲು ಆ ಎಲೆಗಳನ್ನು ನೋಡಿದ. ಆಮೇಲೆ ಎರಡೂ ಕೈ ನೀಡಿ ವೀಳ್ಯ ತೆಗೆದುಕೊಂಡ. ಬಸವಂತರಾಯನ ಮುಖ ಅರಳಿತು.

"ಹಣಮಮ್ಮ, ಅಡಕೊತ್ತು ತಾ. ಸುಣ್ಣನೂ ತಾ."

ಹಣಮಮ್ಮ ಗಂಡನ ಮುಖ ನೋಡಿ ತಂದಿಟ್ಟಳು. ಸಾಯಬಣ್ಣ ಅಡಿಕೆಯನ್ನು ಅಡಕೊತ್ತಿನಲ್ಲಿಟ್ಟು ಕಟಕ್ಕೆಂದು ಕತ್ತರಿಸಿದ. ಎಲೆಯ ತೊಟ್ಟು ಮುರಿದ, ಬೆನ್ನಿಗೆ ಸುಣ್ಣ ಸವರಿದ, ಮಡಚಿದ. ಅವಸರ ಮಾಡಲಿಲ್ಲ. ಜಗಲಿಯ ಮೇಲೆ ಅಪ್ಪನ ಕಾಲದ ದೇವರ ದೀಪ ಉರಿಯುತ್ತಿತ್ತು, ಅತ್ತ ತಿರುಗಿಯೂ ನೋಡಲಿಲ್ಲ. ಬಸವಂತರಾಯನ ಕಣ್ಣಿಗೆ ಕಣ್ಣಿಟ್ಟು ವೀಳ್ಯವನ್ನು ಬಾಯಿಗೆ ಹಾಕಿಕೊಂಡು ಅಗಿಯತೊಡಗಿದ.

"ಎಲಿ ಚೊಲೋ ಅದ," ಅಂದ.

ಬಸವಂತರಾಯನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವನು ಪರಊರವನಾಗಿರಲಿಲ್ಲ. ಎದ್ದು, ಹೊಸ್ತಿಲಾಚೆ ಬಿಟ್ಟ ಬೂಟು ಮೆಟ್ಟಿಕೊಂಡು, ತಿರುಗಿ ನೋಡದೆ ಸ್ಟೇಷನ್ನಿನ ಕಡೆ ನಡೆದ.

ಸಾಯಬಣ್ಣನಿಗೆ ಗೆದ್ದೆ ಅನ್ನಿಸಲಿಲ್ಲ. ಅಪ್ಪನ ಹರಗೋಲಿನಲ್ಲಿ ಪಕ್ಕದಲ್ಲಿ ಕೂತು ಸಾಲೆಯ ಪಾಟಿ ಹಿಡಿದುಕೊಂಡಿದ್ದ ಆ ಬಸಣ್ಣ ಹೈದರಾಬಾದಿನ ಮೈದಾನದಲ್ಲೇ ಕಳೆದುಹೋಗಿದ್ದ, ಈವತ್ತು ಬಾಗಿಲು ಮುಚ್ಚಿದ್ದಷ್ಟೇ ತಾನು. ಮುಂದಿನ ಸೋಮವಾರ ಊರಲ್ಲಿ ಹಂದರಗಂಬ ಏಳುವ ಹೊತ್ತಿಗೆ ಅವನು ಎಂದಿನಂತೆ ಒಂದು ಕಲ್ಲಿನ ಲಾರಿಯ ಕೆಳಗೆ ಮಲಗಿದ್ದ.